ಗುಡುಗಿಗೆ ಮೊದಲು ಪ್ಲಗ್

ಸಿಡಿಲು ಬಡಿದು ಎ.ಸಿ. ಕರಕಲಾಗಬಹುದಿತ್ತು. ವೋಲ್ಟೇಜ್ ಇಳಿದು ಕಂಪ್ರೆಸರ್ ಕೂತುಬಿಡಬಹುದಿತ್ತು, ಏರಿದರೆ ಸ್ಟೆಬಿಲೈಸರಿಗೇ ಬೆಂಕಿ ಹತ್ತಬಹುದಿತ್ತು. ಪೈಪು ತೂರಿಸಲು ಕೊರೆದ ತೂತಿನಿಂದ ಕೆಂಪುಕಲ್ಲಿನ ಗೋಡೆ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಮಳೆಗಾಲದ ನೀರು ಇಳಿದು, ಮಂಚದ ತಲೆಯ ಕಡೆಗೆ ಗೋಡೆ ಕುಸಿಯಬಹುದಿತ್ತು. ಗ್ಯಾಸ್ ಸೋರಬಹುದಿತ್ತು. ಇಲಿ ವಯರು ಕಡಿಯಬಹುದಿತ್ತು. ಮಂಗಗಳು ಹೊರಗಿನ ಯೂನಿಟ್ಟಿನ ಮೇಲೆ ಸಂಸಾರ ಹೂಡಬಹುದಿತ್ತು. ತಂಪು ಹುಡುಕಿಕೊಂಡು ಬಂದ ಕನ್ನಡಿ ಹಾವೊಂದು ಪೈಪಿನ ಸಂದಿಯಿಂದ ತಲೆ ಹಾಕಬಹುದಿತ್ತು. ಇಷ್ಟನ್ನೂ ನಾನು ಬಿ.ಸಿ.ರೋಡಿನ ಅಂಗಡಿಯಲ್ಲಿ, ಎ.ಸಿ.ಯನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಮೊದಲೇ ಯೋಚಿಸಿ ಮುಗಿಸಿದ್ದೆ. ಅಂಗಡಿಯವನು ವಾರಂಟಿ ಎಷ್ಟು ವರ್ಷ ಎಂದು ಹೇಳುತ್ತಿದ್ದ. ನಾನು ಹಾವಿನ ಹತ್ತಿರ ಇದ್ದೆ.

ನಮ್ಮ ಮನೆ ಬೆಳ್ತಂಗಡಿಯಿಂದ ಮುಂಡಾಜೆಗೆ ಹೋಗುವ ದಾರಿಯಲ್ಲಿ. ಹೆಂಚು ಹಾಕಿದರೆ ಗಾಳಿಗೆ ಹಾರಿಹೋದೀತೆಂದು ಹೆದರಿ ಟೆರೇಸ್ ಮಾಡಿಸಿದವನು ನಾನೇ. ಅದರ ಫಲವಾಗಿ ಏಪ್ರಿಲ್ ತಿಂಗಳಲ್ಲಿ ನಮ್ಮ ಮಲಗುವ ಕೋಣೆಯ ಗೋಡೆ ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿರುತ್ತದೆ. ಒಂದು ವರ್ಷ ಟೆರೇಸಿನ ಮೇಲೆ ತೆಂಗಿನ ಮಡಲು ಹಾಸಿ ನೀರು ಚಿಮುಕಿಸಿದ್ದೆವು. ಒಳಗೆ ನಿಜಕ್ಕೂ ತಂಪಾಯಿತು. ನಾಲ್ಕನೇ ದಿನ, ಮಡಲಿನ ಅಡಿ ಚೇಳು ಸೇರಿಕೊಂಡರೆ ಎಂಬ ಯೋಚನೆ ಬಂದು ಅಷ್ಟನ್ನೂ ಕೆಳಗೆ ಎಸೆದೆ.

ಹೀಗೆ ಫ್ಯಾನಿನಲ್ಲೇ ಹದಿನೈದು ಬೇಸಗೆ ಕಳೆದವರಿಗೆ ಎ.ಸಿ. ಬೇಕಾದದ್ದು ಆ ಫ್ಯಾನಿನಿಂದಲೇ. ಮಾರ್ಚ್ ಕೊನೆಯಲ್ಲಿ ಫ್ಯಾನಿನ ರೆಕ್ಕೆ ಒರೆಸಲು ಹೆಂಡತಿ ಸ್ಟೂಲ್ ಹತ್ತಿದಳು. ಅವಳಿಗೆ ಶಾಕ್ ಹೊಡೆದೀತೆಂದು ನಾನು ಮೈನ್ ಸ್ವಿಚ್ ಆಫ್ ಮಾಡಲು ಓಡಿದೆ. ಹಾಗಾಗಿ ಸ್ಟೂಲ್ ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಬಲಗಾಲು, ಮೊಣಕಾಲಿನ ಕೆಳಗೆ ಎಲುಬು ಮುರಿತ, ಆರು ವಾರ ಪ್ಲಾಸ್ಟರ್. “ಬೆವರಿದರೆ ಒಳಗೆ ತುರಿಕೆ ಆಗ್ತದೆ, ಆದಷ್ಟು ತಂಪಾದ ಕಡೆ ಮಲಗಿಸಿ” ಎಂದರು ಡಾಕ್ಟರು. ತಂಪಾದ ಕಡೆ ಎಂದರೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಒಳಗೆ ಮಾತ್ರ.

ತುರಿಕೆ ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ನೋವಿಗಾದರೆ ಮಾತ್ರೆ ಉಂಟು. ಬೆವರು ಪ್ಲಾಸ್ಟರಿನ ಒಳಗೆ ಇಳಿದು, ಬೆರಳು ತಲುಪದ ಕಡೆ ಇರುವೆ ಹರಿದ ಹಾಗೆ ಆಗುವುದಕ್ಕೆ ಏನೂ ಇಲ್ಲ. ಅವಳು ಪ್ಲಾಸ್ಟರನ್ನು ಹೊರಗಿನಿಂದ ಬಡಿಯುತ್ತಿದ್ದಳು, ಬಾಗಿಲು ತಟ್ಟಿದ ಹಾಗೆ. ನಿದ್ದೆಯಿಲ್ಲದೆ ಒಂಬತ್ತು ದಿನ ಕಳೆದ ಮೇಲೆ ಬಿ.ಸಿ.ರೋಡಿಗೆ ಹೋಗಿ ಎ.ಸಿ. ತಂದೆ.

ಹಾಕಲು ಬಂದ ಎಲೆಕ್ಟ್ರಿಷಿಯನ್ ಏಣಿಯ ಮೇಲಿನಿಂದ ಕೇಳಿದ, “ಪ್ಲಗ್ ಪಾಯಿಂಟ್ ಮೇಲೆಯೇ ಇಡುವನಾ ಮಾಸ್ಟ್ರೇ? ಎಲ್ಲರೂ ಹಾಗೇ ಇಡುವುದು. ಒಮ್ಮೆ ಸಿಕ್ಕಿಸಿದರೆ ಆಯ್ತು, ಮತ್ತೆ ಯಾರು ತೆಗೀತಾರೆ?”

“ಗುಡುಗು ಬಂದರೆ?”

“ಎಂ.ಸಿ.ಬಿ. ಸ್ವಿಚ್ ಕೆಳಗೆ ಮಾಡಿ.”

“ಅದನ್ನು ದಾಟಿ ಸಿಡಿಲು ಬರುವುದಿಲ್ವಾ?”

“ಸಿಡಿಲಿಗೆ ನಮ್ಮ ಎಂ.ಸಿ.ಬಿ.ಯ ಪರಿಚಯ ಉಂಟಾ ಮಾಸ್ಟ್ರೇ?” ಎಂದು ನಕ್ಕ.

ತಮಾಷೆಗೆ ಹೇಳಿದ್ದು. ಆದರೆ ನನ್ನಂಥವನ ಹತ್ತಿರ ಅಂಥ ತಮಾಷೆ ಮಾಡಬಾರದು. ಹೋಗುವಾಗ ಇನ್ನೊಂದು ಮಾತು ಹೇಳಿದ, ಅರ್ಥಿಂಗ್ ಗುಂಡಿ ಒಣಗಬಾರದು, ಬೇಸಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಿ ಎಂದು. ನಾನು ನಾಲ್ಕು ಕೊಡ ಹಾಕಲು ಶುರು ಮಾಡಿದೆ. ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಕೇಳಿದಳು, “ಮಲ್ಲಿಗೆ ಗಿಡ ಬಾಡಿ ಹೋಗಿದೆ. ಆ ಗುಂಡಿಯಲ್ಲಿ ಎಂತ ಹೂವು ಆಗ್ತದೆ ಮಾರಾಯ್ರೆ?”

ಎ.ಸಿ. ಹಾಕಿದ ದಿನ ಅವಳು ಮಧ್ಯಾಹ್ನ ಮಲಗಿದವಳು ಸಂಜೆಯ ಚಹಾಕ್ಕೂ ಏಳಲಿಲ್ಲ. ಮೂರು ದಿನ ಹಾಗೆ ಹೋಯಿತು. ನಾಲ್ಕನೆಯ ದಿನ ಚಾರ್ಮಾಡಿಯ ಕಡೆ ಗುಡುಗಿತು.

ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲದರ ಪ್ಲಗ್ ಕೀಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಾನು ಗುಡುಗುವವರೆಗೂ ಕಾಯುವವನಲ್ಲ. ಫೋನಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವ ಆ್ಯಪ್ ಇತ್ತು. ಅದರ ಮೇಲೂ ನಂಬಿಕೆಯಿಲ್ಲದೆ ಟೆರೇಸಿಗೆ ಹತ್ತಿ ಮೋಡ ನೋಡಿ ಬರುತ್ತಿದ್ದೆ. ಮೋಡ ಕಪ್ಪಿದ್ದರೆ ಪ್ಲಗ್ ಹೊರಗೆ. ಬಿಳಿ ಇದ್ದರೆ ಕಪ್ಪಾಗಬಹುದೆಂದು ಹೊರಗೆ. ಪ್ಲಗ್ ಪಾಯಿಂಟ್ ಮೇಲೆಯೇ ಇದ್ದದ್ದರಿಂದ ಪ್ರತಿ ಸಲವೂ ಅದೇ ಸ್ಟೂಲ್ ಹತ್ತಬೇಕು, ಇಳಿಯಬೇಕು. ಮಳೆಗೆ ಮುಂಚಿನ ಆ ಎರಡು ಮೂರು ಗಂಟೆ, ಗಾಳಿ ನಿಂತು, ಬೆವರು ಆರದೆ, ಮನುಷ್ಯರು ಬೆಂದು ಹೋಗುವ ಹೊತ್ತು. ಸರಿಯಾಗಿ ಆ ಹೊತ್ತಿಗೇ ನಮ್ಮ ಎ.ಸಿ. ಸುರಕ್ಷಿತವಾಗಿರುತ್ತಿತ್ತು. ಎರಡು ವಾರದಲ್ಲಿ ನನ್ನ ಮೊಣಕಾಲು ನೋಯತೊಡಗಿತು, ಕುತ್ತಿಗೆ ಆಕಾಶ ನೋಡಿ ನೋಡಿ ಹಿಡಿದುಕೊಂಡಿತು. ಹೆಂಡತಿ ಮತ್ತೆ ಪ್ಲಾಸ್ಟರ್ ಬಡಿಯತೊಡಗಿದಳು.

“ಅದು ಹಾಳಾದ್ರೆ ಆಗ್ಲಿ ಅಂತ ಇಡಿ ಒಂದು ದಿನ” ಎಂದಳು.

“ಹಾಳಾದರೆ ನಿನಗೇ ಕಷ್ಟ ಅಲ್ವಾ?”

“ಈಗ ಎಂತ ಸುಖ ಉಂಟು?”

ನಾನು ಹೋಗಿ ಮೋಡ ನೋಡಿ ಬಂದೆ.

ಶಾಲೆಯ ಆ ಬೇಸಗೆ ರಜೆಯಲ್ಲೇ ಮೂಡುಬಿದಿರೆಯಲ್ಲಿ ನಮಗೆ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ನಾನಿಲ್ಲದಾಗ ಗುಡುಗಿದರೆ ಅವಳು ಎದ್ದು ಪ್ಲಗ್ ತೆಗೆಯುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ ಎಂಟು ಗಂಟೆಗೆ, ನೀಲಿ ಆಕಾಶದ ಕೆಳಗೆ, ಪ್ಲಗ್ ಕಿತ್ತು ಹೊರಟೆ. ಇಡೀ ದಿನ ಸಭಾಂಗಣದ ಕಿಟಕಿಯ ಪಕ್ಕ ಕುಳಿತು ಮೋಡಕ್ಕೆ ಕಾದೆ. ಜೀವನದಲ್ಲಿ ಮೊದಲ ಸಲ ಗುಡುಗು ಬರಲಿ ಎಂದು ಆಸೆಪಟ್ಟೆ. ಬಂದರೆ ನಾನು ಮಾಡಿದ್ದು ಸರಿ ಎಂದಾಗುತ್ತಿತ್ತು. ಒಂದು ಚೂರು ಮೋಡವೂ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಅವಳ ಬೆನ್ನಿನ ಆಕಾರದಲ್ಲಿ ಹಾಸಿಗೆ ಒದ್ದೆಯಾಗಿತ್ತು. ಫ್ಯಾನು ಬಿಸಿ ಗಾಳಿಯನ್ನೇ ಕಲಕುತ್ತಿತ್ತು.

“ಮೂಡುಬಿದಿರೆಯಲ್ಲಿ ಮಳೆಯಾ?” ಎಂದು ಕೇಳಿದಳು.

“ಇಲ್ಲ.”

“ಇಲ್ಲಿಯೂ ಇಲ್ಲ.”

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯ ಅಕ್ಕ ಮಧ್ಯಾಹ್ನ ಗಂಜಿ ತಂದಿದ್ದರಂತೆ. ಅವರ ಹತ್ತಿರ ಪ್ಲಗ್ ಹಾಕಲು ಹೇಳಬಾರದಿತ್ತಾ ಎಂದೆ.

“ಅವರಿಗೆ ಅರುವತ್ತು ಕಳೆದಿದೆ. ಆ ಸ್ಟೂಲ್ ಹತ್ತಿ ಅಂತ ನಾನು ಹೇಳುವುದಾ?”

ಮರುದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪ್ಲಗ್ ಪಾಯಿಂಟನ್ನು ಮಂಚದ ಪಕ್ಕಕ್ಕೆ, ಅವಳ ಕೈಗೆ ಸಿಗುವ ಹಾಗೆ ಕೆಳಗೆ ತರಿಸಿದೆ. “ಮೊದಲೇ ಹೇಳಬಾರದಿತ್ತಾ ಮಾಸ್ಟ್ರೇ, ಗೋಡೆ ಎರಡು ಸಲ ಒಡೆಯುವುದು ತಪ್ತಿತ್ತು” ಎಂದ ಅವನು. ಪ್ಲಗ್ ಹಾಕುವುದು, ತೆಗೆಯುವುದು ಇನ್ನು ಅವಳಿಗೆ ಬಿಟ್ಟದ್ದು ಎಂದು ತೀರ್ಮಾನವಾಯಿತು. ಮೊದಲ ಗುಡುಗಿಗೆ ಅವಳು ಪ್ಲಗ್ಗನ್ನು ಒಮ್ಮೆ ನೋಡಿದಳು, ಹೊದಿಕೆ ಎಳೆದುಕೊಂಡು ಮಗ್ಗುಲಾದಳು. ನಾನು ಚಾವಡಿಯಲ್ಲಿ ಕುಳಿತು, ಮಿಂಚಿನಿಂದ ಗುಡುಗಿನವರೆಗೆ ಎಣಿಸುತ್ತಾ ಬೆವರಿದೆ. ಮುಂದಿನ ಎರಡು ವಾರ ಹಾಗೆಯೇ ಕಳೆಯಿತು. ಎ.ಸಿ.ಗೆ ಏನೂ ಆಗಲಿಲ್ಲ. ಗೋಡೆ ನಿಂತಿತ್ತು. ಮಂಗ ಬರಲಿಲ್ಲ.

ಪ್ಲಾಸ್ಟರ್ ತೆಗೆಯುವ ದಿನ ಗರಗಸ ಕಾಲಿಗೇ ತಾಗೀತೆಂದು ಕಣ್ಣು ಮುಚ್ಚಿ ನಿಂತಿದ್ದೆ. ತಾಗಲಿಲ್ಲ. ಎಲುಬು ಚೆನ್ನಾಗಿ ಕೂಡಿದೆ ಎಂದರು ಡಾಕ್ಟರು. ಆಮೇಲೆ ಚಿಮಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು.

“ಇದು ಎಂತ ಅಮ್ಮಾ?”

“ಹಿಡಿಸೂಡಿ ಕಡ್ಡಿ ಡಾಕ್ಟ್ರೇ” ಎಂದಳು. “ಇವರು ಮೂಡುಬಿದಿರೆಗೆ ಹೋದ ದಿನ ತುರಿಕೆ ತಡೀಲಿಕ್ಕೆ ಆಗ್ಲಿಲ್ಲ. ಪಕ್ಕದ ಮನೆ ಅಕ್ಕನ ಹತ್ತಿರ ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ತರಿಸಿದೆ. ಒಳಗೆ ಹಾಕಿ ತುರಿಸುವಾಗ ಮುರೀತು.”

“ನನ್ನ ಹತ್ತಿರ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ಕಾಲೇ ಕೊಳೀತದೆ ಅಂತ ಊರಿಡೀ ಹೇಳ್ಕೊಂಡು ಬರ್ತಿದ್ರಿ.”

ಡಾಕ್ಟರು ನಕ್ಕು ಮುಲಾಮು ಬರೆದುಕೊಟ್ಟರು. ಆರು ವಾರದಲ್ಲಿ ಬಡವಾಗಿ ಬಿಳಚಿದ ಆ ಕಾಲಿನ ಮೇಲೆ ಎರಡು ಇಂಚು ಉದ್ದದ ಒಂದು ಕೆಂಪು ಗೀರು ಇತ್ತು.