ನೀರಲ್ಲಿ ಮುಳುಗಿದ ಕೊರಮೀನು

ಉತ್ತರಹಳ್ಳಿಯ ಮುನಿಯಣ್ಣನಿಗೆ ಹತ್ತೊಂಬತ್ತು ವರ್ಷಗಳಿಂದ ಭಾನುವಾರ ಎಂಬುದೇ ಇಲ್ಲ. ರಸ್ತೆ ಬದಿಯಲ್ಲಿ ನೀಲಿ ಡ್ರಮ್ಮು, ಅದರಲ್ಲಿ ಜೀವಂತ ಕೊರಮೀನು, ಪಕ್ಕದ ಸ್ಟೂಲಿನ ಮೇಲೆ ಅವನು. ಈ ಮೀನಿನ ಬೆಲೆಯೆಲ್ಲ ಅದರ ಉಸಿರಿನಲ್ಲಿದೆ. ಬದುಕಿದ್ದರೆ ಬಾಣಂತಿಗೆ, ಆಪರೇಷನ್ ಆದವರಿಗೆ ಅಂತ ಜನ ಹುಡುಕಿಕೊಂಡು ಬಂದು ಕೇಳಿದಷ್ಟು ಕೊಡುತ್ತಾರೆ. ಸತ್ತರೆ ಅರ್ಧ ಬೆಲೆಗೂ ಮೂಸಿ ನೋಡುವುದಿಲ್ಲ. ಕಪ್ಪೆಯನ್ನೂ ಸಣ್ಣ ಮೀನನ್ನೂ ಹಾರಿ ಹಿಡಿದು ನುಂಗುವ ಜಾತಿ, ಡ್ರಮ್ಮಿನಲ್ಲಿ ಸುಮ್ಮನಿದ್ದೀತೇ? ಕಣ್ಣು ತಪ್ಪಿದರೆ ನೆಗೆದು ಚರಂಡಿಗೆ ಬೀಳುತ್ತದೆ. ಹಾಗಾಗಿ ಮುನಿಯಣ್ಣ ಭಾನುವಾರ ಮದುವೆಗೂ ಇಲ್ಲ, ತಿಥಿಗೂ ಇಲ್ಲ. ಮೀನನ್ನು ಅವನು ಕಾಯುತ್ತಾನೋ, ಮೀನೇ ಅವನನ್ನು ಕಟ್ಟಿಹಾಕಿದೆಯೋ, ದೇವರೇ ಹೇಳಬೇಕು.

ಆ ಭಾನುವಾರ ಹನ್ನೊಂದಕ್ಕೆ ಜಯನಗರದಲ್ಲಿ ಮೊಮ್ಮಗಳು ಸಮನ್ವಿತಾಳ ಡ್ಯಾನ್ಸ್ ಇತ್ತು. ಬಂದೇ ಬರುತ್ತೇನೆಂದು ಅವಳು ತಾತನಿಂದ ಆಣೆ ಹಾಕಿಸಿಕೊಂಡಿದ್ದಳು. ಹೆಂಡತಿಯ ತಮ್ಮ ನರೇಂದ್ರ ಧೈರ್ಯ ತುಂಬಿದ.

“ಹೋಗ್ಬನ್ನಿ ಭಾವ, ಒಂದು ಮೀನೂ ಆಚೆ ಹೋಗ್ದಂಗೆ ನೋಡ್ಕೋತೀನಿ.”

ಇದೊಂದು ದಿನ ದಾಟಿದರೆ ವಾರ ಬಿಟ್ಟು ವಾರ ಡ್ರಮ್ಮನ್ನು ಇವನಿಗೇ ಬಿಡಬಹುದು ಎಂದು ಮುನಿಯಣ್ಣನಿಗೆ ಆಸೆಯಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ.

ಸಭಾಂಗಣದಲ್ಲಿ ಕೂತರೂ ಅವನ ಜೀವವೆಲ್ಲ ಡ್ರಮ್ಮಿನಲ್ಲೇ. ಭಾಷಣ ಮುಗಿಯಲೊಲ್ಲದು, ನರೇಂದ್ರ ಫೋನ್ ಎತ್ತಲೊಲ್ಲ. ಮೊಮ್ಮಗಳು ಸ್ಟೇಜಿಗೆ ಬರುವ ಮೊದಲೇ ಮುನಿಯಣ್ಣ ಎದ್ದು ಆಟೋ ಹಿಡಿದ.

ಡ್ರಮ್ಮಿನ ಪಕ್ಕ ನರೇಂದ್ರ ಬೀಗುತ್ತ ನಿಂತಿದ್ದ.

“ಒಂದೂ ನೆಗೀಲಿಲ್ಲ ಭಾವ! ಒಂದು ಜಾಲರಿ ತಂದು ನೀರೊಳಗೆ ಗೇಣುದ್ದ ಒತ್ತಿ ಮೇಲೆ ಕಲ್ಲು ಹೇರ್ಬಿಟ್ಟೆ. ಸ್ವಲ್ಪ ಹೊತ್ತು ಗುದ್ದಾಡಿದ್ವು, ಆಮೇಲೆ ಗಪ್‌ಚುಪ್.”

ಮುನಿಯಣ್ಣ ಡ್ರಮ್ಮಿನತ್ತ ಧಾವಿಸಿದ. ಕಲ್ಲು ತೆಗೆದು ಜಾಲರಿ ಎತ್ತಿದ. ಎಲ್ಲವೂ ಹೊಟ್ಟೆ ಮೇಲಾಗಿ ತೇಲಿ ಬಂದವು.

“ಅಯ್ಯೋ, ಇದು ಮೇಲೆ ಬಂದು ಗಾಳಿ ಕುಡಿಯೋ ಮೀನು ಕಣೋ! ಬಾಯಿ ಆಚೆ ಹಾಕಕ್ಕಾಗ್ದಿದ್ರೆ ನೀರಲ್ಲೇ ಉಸಿರು ಕಟ್ಟುತ್ತೆ.”

“ಮೀನು... ನೀರಲ್ಲಿ ಮುಳುಗಿ ಸಾಯುತ್ತಾ ಭಾವ?”

ಅವನು ನಿಜವಾಗಿಯೂ ತಿಳಿಯದೆ ಕೇಳಿದ್ದ. ಇವನನ್ನು ಬೈದು ಏನು ಬಂತು ಎನಿಸಿತು ಮುನಿಯಣ್ಣನಿಗೆ. ಹತ್ತೊಂಬತ್ತು ವರ್ಷ ಇದನ್ನು ಯಾರಿಗೂ ಹೇಳಿಕೊಡದೆ ಕೂತವನು ತಾನೇ.

ಅಷ್ಟರಲ್ಲಿ ಫೋನ್ ಬಂತು, ಸಮನ್ವಿತಾ.

“ತಾತ, ಎಲ್ಲಿ ಕೂತಿದ್ದೆ? ಎಷ್ಟು ಹುಡುಕ್ದೆ ಗೊತ್ತಾ!”

“ಹಿಂದ್ಗಡೆ ಕಣವ್ವ. ಸಖತ್ತಾಗಿ ಕುಣ್ದೆ.”

“ಮುಂದಿನ್ ಸಲ ಫಸ್ಟ್ ಸಾಲಲ್ಲೇ ಕೂತ್ಕೋಬೇಕು, ಆಯ್ತಾ?”

“ಹ್ಞೂಂ” ಎಂದ ಮುನಿಯಣ್ಣ. ಅವನ ಕಾಲು ಆಗಲೇ ಸ್ಟೂಲನ್ನು ಡ್ರಮ್ಮಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿತ್ತು.