ಚೀಲದಲ್ಲಿ ಉಳಿದ ಅರ್ಜಿಗಳು

ಅದು ಜುಲೈ ತಿಂಗಳ ಕೊನೆಯ ಭಾನುವಾರ. ಟಿಟ್ವಾಳಾದ ನಮ್ಮ ಮನೆಯ ಊಟದ ಮೇಜಿನ ತುಂಬ ಬೆಳೆ ವಿಮೆಯ ಅರ್ಜಿಗಳು ಹರಡಿಕೊಂಡಿದ್ದವು. ದೋಸೆಯ ತಟ್ಟೆ ಎಲ್ಲಿಡಲಿ ಎಂದು ಕೇಳಿದೆ.

"ಕೈಯಲ್ಲೇ ಕೊಡು ಮಾರಾಯ್ತಿ. ಇದರ ಮೇಲೆ ಎಣ್ಣೆ ಬಿದ್ರೆ ಬ್ಯಾಂಕಿನವ ಮತ್ತೆ ವಾಪಸ್ ಕಳಿಸ್ತಾನೆ" ಎಂದರು ನಮ್ಮವರು.

ಅವರು ಬೇಲಾಪುರದ ಒಂದು ಆಫೀಸಿನಲ್ಲಿ ಗುಮಾಸ್ತರು. ಅವರ ಕೆಲಸಕ್ಕೂ ಬೇಸಾಯಕ್ಕೂ ಸಂಬಂಧವಿರಲಿಲ್ಲ. ನಮ್ಮ ಕಟ್ಟಡದ ಗೇಟಿನಲ್ಲಿ ಸೊಪ್ಪು ಮಾರುವ, ನಾವೆಲ್ಲ ಚಿಕ್ಕಮ್ಮ ಎಂಬಂತೆ ಮಾವ್ಶಿ ಎಂದು ಕರೆಯುವ ಹೆಂಗಸಿಗೆ ನದಿಯಾಚೆ ಒಂದು ತುಂಡು ಭತ್ತದ ಗದ್ದೆ ಇತ್ತು. ಆಕೆಗೆ ಇವರು ಅಣ್ಣ, 'ಭಾವೂ'; ನಾನು ಅತ್ತಿಗೆ, 'ವಹಿನಿ'. ಎರಡು ವರ್ಷದ ಹಿಂದೆ, ಬ್ಯಾಂಕಿನಿಂದ ಮೂರನೆಯ ಸಲ ಹಿಂದೆ ಬಂದ ಅರ್ಜಿಯನ್ನು ಆಕೆ ಇವರಿಗೆ ತೋರಿಸಿದರು. ಬ್ಯಾಂಕು ಕಲ್ಯಾಣದಲ್ಲಿ, ಹೋದ ದಿನದ ವ್ಯಾಪಾರ ಹಾಳು. ಗದ್ದೆಯ ಉತಾರೆ, ಅಂದರೆ ನಮ್ಮ ಕಡೆಯ ಪಹಣಿ, ತೀರಿಹೋದ ಗಂಡನ ಹೆಸರಿನಲ್ಲಿ, ಪಾಸ್‌ಬುಕ್ಕು ಆಕೆಯ ಹೆಸರಿನಲ್ಲಿ. ಎರಡೂ ಹೊಂದದಿದ್ದರೆ ವಿಮೆ ಇಲ್ಲ. ಇವರು ರಜೆ ಹಾಕಿ ಆಕೆಯ ಜೊತೆ ಜಮೀನಿನ ಲೆಕ್ಕ ಇಡುವ ತಲಾಠಿಯ ಕಚೇರಿಗೆ ಎಷ್ಟು ಸಲ ಅಲೆದರೋ. ಆ ವರ್ಷ ಮೊದಲ ಬಾರಿಗೆ ಉತಾರೆಯಲ್ಲಿ ಆಕೆಯ ಹೆಸರು ಬಂದಿತ್ತು. ಅದನ್ನು ಕಂಡು ಅಕ್ಕಪಕ್ಕದ ಗದ್ದೆಯ ಆರು ಮಂದಿಯೂ ಬಂದರು.

"ಭಾವೂ, ಬೆಳೆ ಹೋದ್ರೆ ಈ ಕಾಗದ ಬೇಯಿಸಿ ತಿನ್ನೋದಾ?" ಎಂದು ಆ ಭಾನುವಾರ ಹೆಬ್ಬೆಟ್ಟು ಒತ್ತಲು ಬಂದಿದ್ದ ಮಾವ್ಶಿ ಮರಾಠಿಯಲ್ಲಿ ಕೆಣಕಿದರು.

"ನೀವು ತಿನ್ನೋದು ಬೇಡ ಮಾವ್ಶಿ, ಬ್ಯಾಂಕಿನವರು ತಿನ್ನದಿದ್ರೆ ಸಾಕು."

ಏಳು ಅರ್ಜಿಗಳನ್ನೂ ಒಂದೊಂದಾಗಿ ತಾಳೆ ನೋಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಮ್ಮ ಆಫೀಸಿನ ಚೀಲಕ್ಕೆ ಹಾಕಿದರು. ಶನಿವಾರ ಕೊನೆಯ ದಿನ. ನಾಳೆಯೇ ಕಲ್ಯಾಣದಲ್ಲಿ ಇಳಿದು ಕೊಟ್ಟು, ಆಮೇಲೆ ಆಫೀಸಿಗೆ ಹೋಗುತ್ತೇನೆ ಎಂದರು.

ಸೋಮವಾರ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಕುಸಿದು ಕುಳಿತರು. ಮತ್ತೆ ಏಳಲಿಲ್ಲ. ದಿನವೂ ಒಟ್ಟಿಗೆ ರೈಲಿನಲ್ಲಿ ಹೋಗುತ್ತಿದ್ದ ಇಬ್ಬರು ಚೀಲವನ್ನು ಮನೆಗೆ ತಂದುಕೊಟ್ಟರು. ಉಡುಪಿಯಿಂದ ಬಂದ ನಮ್ಮವರ ಅಕ್ಕ, ನನ್ನ ಅತ್ತಿಗೆ, ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು.

ಗುರುವಾರ ಮಾವ್ಶಿ ಬಂದರು. ಒಳಗೆ ಬರದೆ ಹೊಸ್ತಿಲಾಚೆ ಕುಳಿತರು.

"ವಹಿನಿ, ಪಾಲಕ್ ತಂದಿದ್ದೇನೆ. ನಿಮ್ಮಲ್ಲಿ ಈಗ ತಿಂತಾರೋ ಇಲ್ವೋ, ಗೊತ್ತಿಲ್ಲ."

ಅರ್ಜಿಯ ಮಾತು ಎತ್ತಲಿಲ್ಲ. ಏಳುವಾಗ ಒಮ್ಮೆ ಮೊಳೆಯ ಕಡೆ ನೋಡಿದರು. ನಾನೂ ನೋಡಿದೆ.

ಆಕೆ ಹೋದ ಮೇಲೆ ಅತ್ತಿಗೆಗೆ ಹೇಳಿದೆ: "ಚೀಲದಲ್ಲಿ ಬೇರೆಯವರ ಕಾಗದ ಉಂಟು."

"ಇರ್ಲಿ. ಸೂತಕ ಕಳೀಲಿ. ಅಲ್ಲಿವರೆಗೆ ಅವನ ಸಾಮಾನು ಮುಟ್ಟುದು ಬೇಡ. ಕಾಗದ ಎಲ್ಲಿಗೆ ಓಡ್ತದೆ?"

ಶನಿವಾರ ಕೊನೆಯ ದಿನ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅತ್ತಿಗೆ ತಡೆಯುತ್ತಿರಲಿಲ್ಲವೇನೋ. ಅವರು ಕಠಿಣ ಮನಸ್ಸಿನವರಲ್ಲ. ಆದರೆ ಚೀಲದ ಜಿಪ್ಪು ಎಳೆದರೆ ಒಳಗೆ ನಮ್ಮವರ ಕನ್ನಡಕ, ಊಟದ ಡಬ್ಬಿ ಇರುತ್ತವೆ ಎಂದು ನನಗೆ ಗೊತ್ತಿತ್ತು. ಮುಟ್ಟಬೇಡ ಎಂದದ್ದು ನನಗೂ ಬೇಕಾಗಿತ್ತು. ಶುಕ್ರವಾರ ಹೋಯಿತು. ಶನಿವಾರ ಬ್ಯಾಂಕು ಮುಚ್ಚುವ ಹೊತ್ತಿಗೆ ಗಡಿಯಾರ ನೋಡಿದ್ದು ನೆನಪಿದೆ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಸೋಮವಾರ ಅರ್ಜಿಗಳನ್ನು ಹಿಡಿದು ಕಲ್ಯಾಣಕ್ಕೆ ಹೋದೆ. ಕೌಂಟರಿನ ಹುಡುಗಿ ಎಲ್ಲವನ್ನೂ ತಿರುವಿ ನೋಡಿದಳು.

"ಎಷ್ಟು ನೀಟಾಗಿ ತುಂಬಿದ್ದಾರೆ, ಆಂಟಿ. ಆದರೆ ತಾರೀಖು ಮುಗೀತು. ಈಗ ಕಂಪ್ಯೂಟರೇ ತಗೊಳ್ಳೋದಿಲ್ಲ."

ಆ ಸಲ ಕೊಯ್ದ ಭತ್ತ ಗದ್ದೆಯಲ್ಲಿ ಒಣಗುತ್ತಿದ್ದಾಗ ಅಕ್ಟೋಬರದ ಮಳೆ ಸುರಿಯಿತು. ತೆನೆಗಳು ನೀರಿನಲ್ಲೇ ಮೊಳಕೆಯೊಡೆದವು. ಅರ್ಜಿ ಕೊಟ್ಟಿದ್ದ ಪಕ್ಕದ ಹಳ್ಳಿಗೆ ನಷ್ಟ ಬರೆದುಕೊಳ್ಳುವವರು ಬಂದರು. ಈ ಏಳು ಗದ್ದೆಗಳನ್ನು ಯಾರೂ ನೋಡಲಿಲ್ಲ. ನಾನು ಗೇಟಿಗೆ ಹೋಗಿ ತಪ್ಪಾಯಿತು ಎಂದೆ. ಮಾವ್ಶಿ ಸೊಪ್ಪಿನ ಕಟ್ಟಿನ ಮೇಲೆ ನೀರು ಚಿಮುಕಿಸುತ್ತಲೇ, "ಭಾವೂನೇ ಹೋದ್ರು ವಹಿನಿ, ಕಾಗದದ ಮಾತು ಬಿಡಿ" ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಜುಲೈಯಲ್ಲಿ ಮಾವ್ಶಿಯ ಅರ್ಜಿಯನ್ನು ನಾನೇ ತುಂಬಿದೆ. ಎರಡು ಸಲ ವಾಪಸ್ ಬಂತು, ಮೂರನೆಯ ಸಲ ಬ್ಯಾಂಕು ತೆಗೆದುಕೊಂಡಿತು. ಉಳಿದ ಆರು ಮಂದಿ ಮತ್ತೆ ಬರಲಿಲ್ಲ.

ಹಳೆಯ ಅರ್ಜಿ ಇನ್ನೂ ನನ್ನ ಕಪಾಟಿನಲ್ಲಿದೆ. ನಮ್ಮವರ ಅಕ್ಷರ ಇದೆ, ಮಾವ್ಶಿಯ ಹೆಬ್ಬೆಟ್ಟು ಇದೆ. ಬ್ಯಾಂಕಿನ ಮೊಹರು ಇಲ್ಲ.