ಅಕ್ಕಲಕೋಟ ರಸ್ತೆಯಲ್ಲಿ ನಡಿಗೆಯ ತಾಲೀಮು

ಎಪ್ಪತ್ತರ ದಶಕದ ಮಾತು. ನಡೆದ ಮೈಲಿಗೆ ಇಷ್ಟು ರೊಕ್ಕವೆಂದು ಜನರಿಂದ ದವಾಖಾನೆಯೊಂದಕ್ಕೆ ದೇಣಿಗೆ ಕೂಡಿಸಲು ನಮ್ಮ ಆಫೀಸಿನ ನಾಲ್ವರು ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ನಡೆದು ಹೋಗುವುದೆಂದು ಠರಾಯಿಸಿದ್ದೆವು. ಮೂರನೆಯ ಐತವಾರದ ತಾಲೀಮಿನಲ್ಲಿ ನನ್ನ ಹಿಮ್ಮಡಿಯ ಬೊಬ್ಬೆ ಒಡೆಯಿತು. ಎಲ್ಲರೂ ಸೋತು ಬೇವಿನ ಮರದ ಕೆಳಗೆ ಕುಸಿದು ಕೂತೆವು. ಬೀಡಿಯ ಬುಟ್ಟಿ ಹೊತ್ತು ಸೊಲ್ಲಾಪುರಕ್ಕೆ ಹೊರಟಿದ್ದ, ನಮ್ಮವ್ವನ ವಯಸ್ಸಿನ ಹೆಂಗಸೊಬ್ಬಳು ನಿಂತಳು.

"ಮೋಟಾರ ತಪ್ಪಿತೇನ್ರಿ?"

"ಇಲ್ಲವಾ, ನಡಿಯೂದು ರೂಢಿ ಮಾಡಾಕತ್ತೀವಿ. ದವಾಖಾನಿ ಸಲುವಾಗಿ," ಎಂದೆ.

ಆಕೆ ಬುಟ್ಟಿ ಇಳಿಸಿ ನನ್ನ ಕಾಲು ನೋಡಿದಳು. "ಹಂಗಾದ್ರ ಮೊದಲ ನೀವ ಅಲ್ಲಿಗೆ ಹೋಗ್ರಿ," ಎಂದು ತಲೆಯ ಸಿಂಬೆಯ ಅರಿವೆ ಹರಿದು ಹಿಮ್ಮಡಿಗೆ ಕಟ್ಟಿದಳು.

"ನಮ್ಮ ಜೋಡಿ ಅಕ್ಕಲಕೋಟಕ್ಕ ಬರ್ತೀಯೇನವಾ?"

"ಸುಮ್ಮನ ನಡಿಯಾಕ ನನಗೆಲ್ಲಿ ಪುರಸೊತ್ತರಿ?" ಎಂದು ಹೊರಟೇಬಿಟ್ಟಳು.

ನಾವು ವಾಪಸು ಬಸ್ಸು ಹತ್ತಿದೆವು. ದಾರಿಯಲ್ಲಿ ಬುಟ್ಟಿ ಹೊತ್ತು ನಡೆಯುತ್ತಿದ್ದ ಆಕೆ ಕಂಡಾಗ ನಾಲ್ವರಿಗೂ ಒಮ್ಮೆಲೇ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುವ ಕೆಲಸ ನೆನಪಾಯಿತು.